ಕರಿಯನ ಬಾಯಿಗೆ ಕೈ ಹಾಕಿದವರು

ಕೆಂಚಪ್ಪ ಡಾಕ್ಟರು ಯಾವ ಪ್ರಾಣಿಯ ಹತ್ತಿರಕ್ಕೂ ತಾವಾಗಿ ಹೋಗುತ್ತಿರಲಿಲ್ಲ. ಬಂದವರೇ ಸೈಕಲ್ಲನ್ನು ಗೋಡೆಗೆ ಒರಗಿಸಿ, ಖಾಕಿ ಕೋಟಿನ ತುದಿ ಎತ್ತಿಕೊಂಡು, ಕಾಯಿಲೆ ಬಿದ್ದ ಹಸುವಿಗೋ ಎತ್ತಿಗೋ ಬೆನ್ನು ಮಾಡಿ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಿದ್ದರು. ಎಲೆಯಡಿಕೆ ಜಗಿಯುತ್ತಾ ಎದುರಿಗಿನ ಬೇಲಿಯನ್ನೋ ಆಕಾಶವನ್ನೋ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಹಸುವೇ ಕತ್ತು ಚಾಚಿ ಅವರ ರುಮಾಲು ಮೂಸುತ್ತಿತ್ತು. ಆಮೇಲೆ ಅವರು ತಿರುಗಿ ಅದನ್ನು ಮುಟ್ಟುತ್ತಿದ್ದರು. ಹಸುವಿಗೆ ಬೆನ್ನು ತೋರಿಸೋದಕ್ಕೂ ಮಹಾರಾಜರ ಸರ್ಕಾರ ಸಂಬಳ ಕೊಡುತ್ತಲ್ಲ ಎಂದು ನಮ್ಮ ಮಾವ, ಯಜಮಾನರ ತಂದೆ, ಜಗಲಿಯಲ್ಲಿ ಕೂತು ಆಡಿಕೊಂಡು ನಕ್ಕಿದ್ದುಂಟು. ಅದು ಕಿವಿಗೆ ಬಿದ್ದಾಗ ಡಾಕ್ಟರು, "ಗೊತ್ತು ಗುರಿ ಇಲ್ದೋನು ನಿಮ್ಮನೆಗೆ ನುಗ್ಗಿ ನಿಮ್ಮ ಬಾಯಿ ಕಿಸಿದು ಹಲ್ಲು ನೋಡುದ್ರೆ ಸುಮ್ಕಿರ್ತೀರಾ ಗೌಡ್ರೆ? ಅದೂ ಅಂಗೇ ಕಣ್ರೀ" ಎಂದು ತಮ್ಮ ಪಾಡಿಗೆ ತಾವು ಎಲೆಗೆ ಸುಣ್ಣ ಸವರಿದರು.

ಅವರು ಬಿಳಿಕೆರೆ ಕಡೆಯ ಒಕ್ಕಲು ಮನೆತನದವರು. ಬೆಂಗಳೂರಿನಲ್ಲಿ ಓದಿ, ಹುಣಸೂರಿನ ದನದ ಆಸ್ಪತ್ರೆಗೆ ಬಂದಿದ್ದರು. ಓದಿದ್ದು ಇಂಗ್ಲಿಷಿನಲ್ಲಾದರೂ ಬೈಯುವುದೆಲ್ಲ ಬಿಳಿಕೆರೆಯ ಭಾಷೆಯಲ್ಲಿ. ಆಳು ಎತ್ತರ, ಆದರೆ ಸದಾ ದನದ ಹೊಟ್ಟೆಗೆ ಕಿವಿ ಕೊಟ್ಟು ಕೊಟ್ಟು ಕತ್ತು ಒಂದು ಪಕ್ಕಕ್ಕೆ ವಾಲಿತ್ತು. ಮನುಷ್ಯರ ಜೊತೆ ಮಾತಾಡುವಾಗಲೂ ಹಾಗೇ ಕತ್ತು ವಾಲಿಸಿ ಕೇಳುತ್ತಿದ್ದರು. ನಾವು ಹೇಳಿದ್ದನ್ನು ಅವರು ನಂಬುತ್ತಿಲ್ಲವೇನೋ ಎನಿಸುತ್ತಿತ್ತು. ನಿಜಕ್ಕೂ ನಂಬುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು.

ನಮ್ಮ ಜನಕ್ಕೆ ಡಾಕ್ಟರ ಮುಂದೆ ನಿಜ ಹೇಳುವ ಅಭ್ಯಾಸವೇ ಇಲ್ಲ. ಮನೆಯಲ್ಲಿ ಗೊತ್ತಿದ್ದ ಮದ್ದನ್ನೆಲ್ಲ ಬಿದಿರಿನ ಗೊಟ್ಟದಲ್ಲಿ ಕುಡಿಸಿ, ಅದೂ ಸಾಲದೆ ಪಕ್ಕದ ಮನೆಯವರು ಹೇಳಿದ್ದನ್ನೂ ಕುಡಿಸಿ, ದನ ಕಾಲು ಚಾಚಿದ ಮೇಲೆ ಹುಣಸೂರಿಗೆ ಗಾಡಿ ಕಟ್ಟುವುದು. ಅಲ್ಲಿ ಡಾಕ್ಟರು "ಏನು ಕುಡ್ಸಿದ್ರಿ?" ಎಂದರೆ "ಏನೂ ಇಲ್ಲ ಸ್ವಾಮಿ, ದೇವರಾಣೆ" ಎನ್ನುವುದು. ಕೆಂಚಪ್ಪನವರು ಬಗ್ಗಿ ದನದ ಬಾಯಿ ಮೂಸಿ, "ಬೆಳ್ಳುಳ್ಳಿ. ಮೆಣಸು. ಇಂಗೂ ಬಿದ್ದದೆ. ಅಲ್ಲ ಕಣ್ರಪ್ಪ, ನಾನು ಎಮ್ಮೆ ತನ್ನಿ ಅಂದ್ರೆ ನೀವು ಸಾರು ತಂದಿದ್ದೀರಲ್ಲ!" ಎನ್ನುತ್ತಿದ್ದರು. ಆಮೇಲೆ ದನಿ ಇಳಿಸಿ, "ಕೊಟ್ಟಿದ್ದುನ್ನ ಹೇಳುಬುಡಿ. ಈಗ ಬೈಯಾಕಿಲ್ಲ. ಬೈಯೋದು ಅದು ಎದ್ದು ನಿಂತ ಮ್ಯಾಲೆ" ಎನ್ನುತ್ತಿದ್ದರು. ಮಾತಿಗೆ ತಪ್ಪುವವರಲ್ಲ. ದನ ಎದ್ದು ನಿಂತ ಮೇಲೆ ಚೆನ್ನಾಗಿಯೇ ಬೈಯುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ದನದಿಂದಲ್ಲ, ನಾಯಿಯಿಂದ. ನನ್ನ ತವರು ಸಾಲಿಗ್ರಾಮ. ಕಂಪಲಾಪುರಕ್ಕೆ ಮದುವೆಯಾಗಿ ಬರುವಾಗ ನಮ್ಮ ಮನೆಯ ಕರಿಯ ಗಾಡಿಯ ಹಿಂದೆಯೇ ಓಡಿ ಬಂದ. ಎಷ್ಟು ಗದರಿಸಿದರೂ ಹಿಂದಕ್ಕೆ ಹೋಗಲಿಲ್ಲ, ಹೊಳೆ ಸಿಕ್ಕಿದ ಕಡೆ ಈಜಿಕೊಂಡು ಬಂದ. ಗಂಡನ ಮನೆಯಲ್ಲಿ ನನ್ನ ಹಳೆಯ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ, "ಸೊಸೆ" ಎನ್ನುವುದಷ್ಟೇ. ಕರಿಯನಿಗೂ ಮಾತು ಬರುತ್ತಿರಲಿಲ್ಲ ನಿಜ. ಆದರೆ ಹಿತ್ತಿಲಲ್ಲಿ ಅವನ ಪಕ್ಕ ಕೂತರೆ ಅಮ್ಮನ ಮನೆಯ ಜಗಲಿಯಲ್ಲಿ ಕೂತಂತಾಗುತ್ತಿತ್ತು. ನನಗೆ ಮೊದಲಿನಿಂದಲೂ ಬಾಯಿ ಜೋರು. ಆ ಮನೆಯಲ್ಲಿ ಆಡಲಾಗದ ಮಾತುಗಳನ್ನೆಲ್ಲ ಅವನ ಕಿವಿಗೇ ತುಂಬುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಕರಿಯನ ಬಾಯಿ ತೆರೆದದ್ದು ಮುಚ್ಚದಂತಾಯಿತು. ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿತ್ತು. ಅನ್ನ ಮುಟ್ಟಲಿಲ್ಲ. ನೀರಿಟ್ಟರೆ ಮೂತಿ ತಂದು ಹಿಂದಕ್ಕೆ ಸರಿಯುತ್ತಿದ್ದ. ಮುಂಗಾಲಿನಿಂದ ಮುಖವನ್ನು ಉಜ್ಜಿಕೊಂಡು ಕುಂಯ್‌ಗುಡುತ್ತಿದ್ದ. ನಾನು ಸೆರಗಿನಿಂದ ಜೊಲ್ಲು ಒರೆಸಿ, ಬೆರಳಿನಲ್ಲಿ ಗಂಜಿ ಅದ್ದಿ ನೆಕ್ಕಿಸಲು ಒದ್ದಾಡಿದೆ. ಪಕ್ಕದ ಮನೆಯ ಕಾಳಮ್ಮ ಬೇಲಿಯಾಚೆಯಿಂದ ನೋಡಿ, "ಅಯ್ಯೋ, ಉಚ್ಚು ನಾಯಿ ಕಣ್ರಪ್ಪೋ" ಎಂದು ಕೂಗಿದ್ದೇ ತಡ, ಕೇರಿಯ ಬಾಗಿಲುಗಳೆಲ್ಲ ಮುಚ್ಚಿದವು. ಮಾವ ಹಂದಿ ಹೊಡೆಯುವ ಕೋವಿಯನ್ನು ಗೋಡೆಯಿಂದ ಇಳಿಸಿದರು. ಕರಿಯನನ್ನು ಅಂಗಳದ ಕಂಬಕ್ಕೆ ಕಟ್ಟಿದರು.

ಅಲ್ಲಿಗೆ ಮುಗಿಯಲಿಲ್ಲ. "ಅದರ ಜೊಲ್ಲು ಇವಳ ಕೈಮೈಗೆಲ್ಲ ಮೆತ್ಕಂಡದಲ್ಲ" ಎಂದು ಯಾರೋ ನೆನಪಿಸಿದರು. ನನ್ನನ್ನು ದನದ ಕೊಟ್ಟಿಗೆಯಲ್ಲಿ ಕೂರಿಸಿದರು. ತಟ್ಟೆ ಬೇರೆ, ತಂಬಿಗೆ ಬೇರೆ, ಚಾಪೆ ಬೇರೆ. ಹುಚ್ಚು ತಗುಲಿದವರು ನೀರು ಕಂಡರೆ ಬೆಚ್ಚುತ್ತಾರೆಂದು ನಮ್ಮ ಅತ್ತೆ ಆಗಾಗ ತಂಬಿಗೆ ತುಂಬ ನೀರು ತಂದು ದೂರದಲ್ಲಿಟ್ಟು, "ಕುಡಿ ಮಗ, ನೋಡಾಣ" ಎನ್ನುತ್ತಿದ್ದರು. ಬೇಡ ಎಂದರೆ ಹುಚ್ಚು ಹಿಡಿಯಿತು ಎಂದುಕೊಂಡಾರೆಂದು ನಾನು ಗಟಗಟನೆ ಕುಡಿಯುತ್ತಿದ್ದೆ. ಕುಡಿದು ಕುಡಿದು ಹೊಟ್ಟೆ ಉಬ್ಬಿತು. ಅದನ್ನು ಕಂಡ ಒಬ್ಬ ಮುದುಕಿ ಇವಳ ಹೊಟ್ಟೆಯೊಳಗೆ ಆಗಲೇ ನಾಯಿಮರಿ ಕಟ್ಟಿವೆ ಎಂದಳು. ಈಗ ಬರೆಯುವಾಗ ನಗು ಬರುತ್ತದೆ. ಆವತ್ತು ಕೊಟ್ಟಿಗೆಯ ಕತ್ತಲಲ್ಲಿ ನನಗೆ ನಿಜವಾಗಿಯೂ ಜೀವ ಹೋಗುವಷ್ಟು ಹೆದರಿಕೆಯಾಗಿತ್ತು. ಕರಿಯನಿಗೆ ಹುಚ್ಚೇ ಆಗಿದ್ದರೆ ನನಗೂ ಅದೇ ಗತಿ. ಕೂನೂರಿನ ಆಸ್ಪತ್ರೆಗೆ ಹೋದರೆ ಹುಚ್ಚು ಏರದಂತೆ ಹೊಟ್ಟೆಗೆ ಸೂಜಿ ಹಾಕುತ್ತಾರೆಂದು ಕೇಳಿದ್ದೆ. ಆದರೆ ಸೊಸೆಯನ್ನು ಅಷ್ಟು ದೂರ ಕರೆದುಕೊಂಡು ಹೋಗುವವರು ಯಾರು?

ಆ ವಾರ ಕೆಂಚಪ್ಪನವರು ದೊಡ್ಡರೋಗಕ್ಕೆ ದನಗಳಿಗೆ ಚುಚ್ಚುಮದ್ದು ಹಾಕಲು ನಮ್ಮೂರ ಚಾವಡಿಗೆ ಬಂದಿದ್ದರು. ಸೂಜಿ ಚುಚ್ಚಿದರೆ ಹಸುವಿನ ಹಾಲು ಬತ್ತುತ್ತದೆ, ಎತ್ತಿನ ಹೆಗಲು ಬೀಳುತ್ತದೆ ಎಂದು ಊರಿನವರೆಲ್ಲ ತಮ್ಮ ದನಗಳನ್ನು ಕುರುಚಲು ಕಾಡಿಗೆ ಅಟ್ಟಿಬಿಟ್ಟಿದ್ದರು. ಡಾಕ್ಟರು ಖಾಲಿ ಚಾವಡಿಯಲ್ಲಿ ಒಬ್ಬರೇ ಕೂತಿದ್ದರು. ನಮ್ಮ ಯಜಮಾನರು ಕೊಟ್ಟಿಗೆಯ ಬಾಗಿಲಿಗೆ ಬಂದಾಗ, ಅವರನ್ನು ಕರೆದುಕೊಂಡು ಬನ್ನಿ ಎಂದು ಅಂಗಲಾಚಿದೆ. "ಅವ್ರು ದನಿನ ಡಾಕ್ಟ್ರು ಕಣೆ. ನಾಯಿ ನೋಡಿ ಅಂದ್ರೆ ಉಗಿದು ಕಳ್ಸ್ತಾರೆ" ಎಂದು ಅಲ್ಲೇ ನಿಂತು ಕಾಲಿನಿಂದ ನೆಲ ಕೆರೆದರು. ನನಗೆ ರೇಗಿತು. ತಲೆಯ ಮೇಲೆ ಸೆರಗು ಎಳೆದುಕೊಂಡು ಹಿತ್ತಿಲ ದಾರಿಯಿಂದ ಚಾವಡಿಗೆ ನಾನೇ ನಡೆದೆ. ಯಾರೂ ತಡೆಯಲಿಲ್ಲ. ಹತ್ತಿರ ಬರುವ ಧೈರ್ಯವಿದ್ದರೆ ತಾನೇ ತಡೆಯುವುದು?

"ಸ್ವಾಮಿ, ನಾಯಿ ನೋಡ್ತೀರಾ?" ಎಂದೆ.

ಡಾಕ್ಟರು ಕತ್ತು ವಾಲಿಸಿ, "ನಾಕು ಕಾಲು ಅವೇನವ್ವ?" ಎಂದರು.

"ಅವೆ."

"ಅಂಗಾರೆ ನೋಡ್ತೀನಿ. ಈ ಊರಲ್ಲಿ ಬೇರೆ ನಾಕು ಕಾಲಿಂದು ಒಂದೂ ಕಾಣ್ತಿಲ್ಲ" ಎಂದು ಎದ್ದರು.

ದಾರಿಯಲ್ಲಿ ಎಲ್ಲವನ್ನೂ ಹೇಳಿದೆ. ಜೊಲ್ಲು ಒರೆಸಿದ್ದು, ಗಂಜಿ ನೆಕ್ಕಿಸಿದ್ದು, ಕಾಳಮ್ಮ ಕೊಟ್ಟ ಬೇವಿನ ರಸ ಕುಡಿಸಲು ನೋಡಿದ್ದು, ಒಂದನ್ನೂ ಮುಚ್ಚಿಡಲಿಲ್ಲ. ಅವರು ನಡುವೆ ಒಮ್ಮೆ ನಿಂತು ನನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಗೇಯ್ಮೆಯ ಕೈ, ಅಲ್ಲಲ್ಲಿ ಕುಡುಗೋಲಿನ ಗೀರುಗಳಿದ್ದವು. ಅವನ್ನು ನೋಡಿ ಹೆಜ್ಜೆ ಚುರುಕು ಮಾಡಿದರು.

ಅಂಗಳದಲ್ಲಿ ಮಾವ ಕೋವಿ ಹಿಡಿದು ನಿಂತಿದ್ದರು. "ಇದು ನಿಮ್ಮ ಕೆಲ್ಸ ಅಲ್ಲ ಸ್ವಾಮಿ, ಕೋವಿ ಕೆಲ್ಸ" ಎಂದರು. ಹತ್ತು ದಿನ ಕಟ್ಟಿಹಾಕಿ ಕಾಯೋಣ, ಹುಚ್ಚಾಗಿದ್ದರೆ ಅಷ್ಟರಲ್ಲಿ ತಾನೇ ಸಾಯುತ್ತದೆ, ಇಲ್ಲದಿದ್ದರೆ ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು. "ಹತ್ತು ಗಳಿಗೇನೂ ಆಗಾಕಿಲ್ಲ. ಹಗ್ಗ ಕಿತ್ಕೊಂಡು ಹೋದ್ರೆ ಊರಿಗೆ ನಾನು ಜವಾಬು ಕೊಡ್ಬೇಕು" ಎಂದರು ಮಾವ. ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಅಷ್ಟರಲ್ಲಿ ಅತ್ತೆ ನನ್ನನ್ನು ದೂರದಿಂದಲೇ ಕೈಬೀಸಿ ಕೊಟ್ಟಿಗೆಗೆ ಹೋಗು ಎಂದರು. ನಾನು ಹೋಗಿ ನನ್ನ ಚಾಪೆಯ ಮೇಲೆ ಕೂತೆ. ಡಾಕ್ಟರು ನನ್ನನ್ನೂ ಪಕ್ಕದಲ್ಲಿದ್ದ ತಟ್ಟೆ, ತಂಬಿಗೆಗಳನ್ನೂ ಒಂದು ಕ್ಷಣ ನೋಡಿದರು.

ಆಮೇಲೆ ಹೋಗಿ, ಕರಿಯನ ಹಗ್ಗ ಎಟುಕುವಷ್ಟು ಹತ್ತಿರದಲ್ಲಿ, ಅವನಿಗೆ ಬೆನ್ನು ಮಾಡಿ ಕೂತರು. ಬೇಲಿಯಾಚೆ ಸೇರಿದ್ದ ಜನ ಹೋ ಎಂದರು. ಡಾಕ್ಟರು ಎಲೆಯಡಿಕೆಯ ಚೀಲ ಬಿಚ್ಚಿದರು. ಕರಿಯ ತೂರಾಡುತ್ತಾ ಬಂದು, ಮುಚ್ಚಲಾಗದ ಆ ಬಾಯನ್ನು ಅವರ ಹೆಗಲ ಮೇಲಿಟ್ಟ. ಖಾಕಿ ಕೋಟು ಜೊಲ್ಲಿನಿಂದ ತೊಯ್ದುಹೋಯಿತು. ಅವರು ಅಲುಗದೆ, ಊರಿಗೆಲ್ಲ ಕೇಳುವ ಹಾಗೆ, "ಉಚ್ಚಲ್ಲ ಕಣ್ರೀ! ಉಚ್ಚು ನಾಯಿ ಇಂಗೆ ಮೂತಿ ಉಜ್ಕೊಳ್ಳಾಕಿಲ್ಲ. ಬಾಯಲ್ಲಿ ಏನೋ ಸಿಕ್ಕಾಕಂಡದೆ" ಎಂದರು.

ನಮ್ಮ ಯಜಮಾನರಿಗೆ ಅಷ್ಟು ಹೊತ್ತಿಗೆ ಧೈರ್ಯ ಬಂದಿರಬೇಕು. ಹಗ್ಗ ಹಿಡಿದು ತಲೆ ಅಲುಗದಂತೆ ಮಾಡಿದರು. ಡಾಕ್ಟರು ದವಡೆಗಳ ನಡುವೆ ಒಂದು ಮರದ ತುಂಡು ಕೊಟ್ಟರು. ಕೈಗೆ ಗೋಣಿ ಸುತ್ತಿಕೊಳ್ಳಿ ಎಂದು ಯಾರೋ ಅಂದರು. "ಗೋಣಿಗೆ ಏನು ಗೊತ್ತಾಯ್ತದೆ?" ಎಂದು ಬರಿಗೈಯನ್ನೇ ಒಳಗೆ ಹಾಕಿದರು. ಕರಿಯ ಒದರಿದ, ಹಲ್ಲು ತಗುಲಿ ಅವರ ಮುಂಗೈಯಲ್ಲಿ ರಕ್ತ ಬಂತು. ಅವರು ಕೈ ತೆಗೆಯಲಿಲ್ಲ. ಅಲ್ಲೇ ತಡಕಿ, ಇನ್ನೊಂದು ಕೈಯಿಂದ ಚಿಮಟ ತೂರಿಸಿ ಎಳೆದರು. ಮೇಲಿನ ದವಡೆಗೆ ಅಡ್ಡಲಾಗಿ ಸಿಕ್ಕಿಕೊಂಡಿದ್ದ ಕುರಿಯ ಪಕ್ಕೆಲುಬಿನ ಚೂರು ಅಂಗಳಕ್ಕೆ ಬಿತ್ತು.

ಕರಿಯ ಬಾಯಿ ಮುಚ್ಚಿದ. ಮತ್ತೆ ತೆರೆದು, ಮತ್ತೆ ಮುಚ್ಚಿ, ತನಗೇ ನಂಬಿಕೆಯಾಗದವನಂತೆ ನೋಡಿದ. ಆಮೇಲೆ ದನದ ಕಲ್ಲುಬಾನಿಗೆ ಮೂತಿಯಿಟ್ಟು ನೀರು ಕುಡಿಯತೊಡಗಿದವನು ನಿಲ್ಲಿಸಲೇ ಇಲ್ಲ. ನಾನು ಕೊಟ್ಟಿಗೆಯಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಡಾಕ್ಟರು ಸೋಪು ಹಚ್ಚಿ ಹಚ್ಚಿ ಕೈ ತೊಳೆದುಕೊಂಡು ನನ್ನತ್ತ ತಿರುಗಿ, "ಏಳವ್ವ, ಒಳಿಕ್ಕೋಗಿ ಎಲ್ಲಾರ ಜೊತೆ ಕೂತು ಉಣ್ಣು" ಎಂದರು. ಮಾವ ಕೋವಿಯನ್ನು ಒಳಗಿಟ್ಟು ಬಂದು, ಕಾಡಿಗೆ ಅಟ್ಟಿದ್ದ ತಮ್ಮ ಎತ್ತುಗಳನ್ನು ಹೊಡೆದುಕೊಂಡು ಬರಲು ಆಳನ್ನು ಕಳಿಸಿದರು. ಅವರ ಹಿಂದೆ ಊರಿನ ದನಗಳೂ ಒಂದೊಂದಾಗಿ ಚಾವಡಿಗೆ ಬಂದವು.

ಆಮೇಲಿನ ವರ್ಷಗಳಲ್ಲಿ ಹುಣಸೂರಿನ ಆ ಆಸ್ಪತ್ರೆ ನನಗೆ ಇನ್ನೊಂದು ತವರಾಯಿತು. ಬೆಕ್ಕಿನ ಕಣ್ಣು ಊದಿದರೂ ಹೋದೆ, ಮೇಕೆಮರಿ ಕುಂಟಿದರೂ ಹೋದೆ, ಕಾಲು ಮುರಿದ ಗಿಣಿಯನ್ನು ಬುಟ್ಟಿಯಲ್ಲಿಟ್ಟುಕೊಂಡೂ ಹೋದೆ. ಗಿಣಿಯನ್ನು ಕಂಡು, "ಇದಕ್ಕೆ ಎರಡೇ ಕಾಲು ಕಣವ್ವ. ಆದ್ರೂ ಬುಡು, ನೀನು ತಂದಿದ್ದೀಯ" ಎಂದು ಪೊರಕೆಕಡ್ಡಿ ಕಟ್ಟಿ ಕಳಿಸಿದರು. ಕರಿಯ ಮುದುಕನಾಗಿ ಏಳಲಾರದೆ ಮಲಗಿದಾಗ ಅವರೇ ಬಂದು ನೋಡಿ, ಔಷಧಿ ಬರೆಯದೆ, "ಇನ್ನು ಅವನ್ನ ಎಬ್ಬಿಸ್ಬೇಡ. ಪಕ್ಕದಲ್ಲಿ ಕೂತ್ಕೊ, ಸಾಕು" ಎಂದರು. ನಾನು ಕೂತಿದ್ದೆ. ಅವನು ನನ್ನ ಮಡಿಲಲ್ಲೇ ಹೋದ.

ಡಾಕ್ಟರನ್ನು ಕೊನೆಯ ಸಲ ನೋಡಿದ್ದು ಅವರ ಊರಿನಲ್ಲಿ. ಪಿಂಚಣಿಯಾಗಿ ಹೊಲ ಮಾಡಿಕೊಂಡಿದ್ದರು. ನಾವು ಮೈಸೂರಿಗೆ ಹೋಗುವ ದಾರಿಯಲ್ಲಿ ಬಿಳಿಕೆರೆಯಲ್ಲಿ ಬಸ್ಸಿಳಿದು ಹೋದೆವು. ಮೈ ಇಳಿದಿತ್ತು, ಮಾತು ಹಾಗೇ ಇತ್ತು. ಮರುವರ್ಷ ಅವರು ತೀರಿಕೊಂಡರು. ನಾವು ಹೋಗಿದ್ದ ದಿನ ಜಗಲಿಯಲ್ಲಿ ಕೂತು ಹಳೆಯದನ್ನೆಲ್ಲ ಆಡುತ್ತಾ ನಾನು ಕೇಳಿದೆ: "ಅದು ಹುಚ್ಚಲ್ಲ ಅಂತ ನಿಮಗೆ ಅಷ್ಟು ಗಟ್ಟಿಯಾಗಿ ಹೇಗೆ ಗೊತ್ತಾಯ್ತು?"

"ಯಾರಿಗೆ ಗೊತ್ತಿತ್ತು ಕಣವ್ವ?" ಎಂದು ನಕ್ಕರು. "ಎಲುಬು ಬೆರಳಿಗೆ ತಾಕೋಗಂಟ ನಂಗೂ ಗೊತ್ತಿರ್ಲಿಲ್ಲ. ಉಚ್ಚು ನಾಯಿ ಮೂತಿ ಉಜ್ಕೊಳ್ಳಾಕಿಲ್ಲ ಅಂತ ಪುಸ್ತಕ್ದಲ್ಲಿ ಬರ್ದಿತ್ತು. ಪುಸ್ತಕ ಬರ್ದೋನೇನು ಕಂಪಲಾಪುರಕ್ಕೆ ಬಂದು ಕೈ ಹಾಕ್ತಾನಾ? ಓದೋವಾಗ ನನ್ನ ಜೊತೇಲಿದ್ದೋನೊಬ್ಬ ಇದೇ ಥರ ಕೈ ಹಾಕಿ ಸತ್ತ. ಸಾಯೋಗಂಟ ಅವನ ಪಕ್ಕದಲ್ಲೇ ಕೂತಿದ್ದೆ ನಾನು."

"ಮತ್ತೆ ಒಂದು ನಾಯಿಗೋಸ್ಕರ..." ಎಂದೆ.

"ನಾಯಿಗಾಗಿದ್ರೆ ಕೈ ಹಾಕ್ತಿರ್ಲಿಲ್ಲ ಕಣವ್ವ. ಕರಿಯ ಕಂಬದ ತಾವು ಇದ್ದ, ನೀನು ಕೊಟ್ಟಿಗೇಲಿದ್ದೆ. ಇಬ್ಬರ್ನೂ ಒಂದೇ ಥರ ನೋಡ್ತಿದ್ರು. ಅದುಕ್ಕೆ ಗುಂಡು ಬಿದ್ದಿದ್ರೆ, ಅದುಕ್ಕೇನಾಗಿತ್ತು ಅಂತ ಯಾರ್ಗೂ ತಿಳೀತಿರ್ಲಿಲ್ಲ. ಆಮ್ಯಾಕೆ ನಿಂಗೆ ಒಂದು ಜ್ವರ ಬಂದ್ರೂ ಉಚ್ಚು ಅಂತ ಬಾಗ್ಲು ಹಾಕೋರು."

ಹಿಂದೆ ಸದ್ದಾಯಿತು. ಅವರ ಹೆಂಡತಿ ಮಜ್ಜಿಗೆಯ ಲೋಟಗಳನ್ನು ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಕೈಗೇನಾಯ್ತು ಅಂದಿದ್ಕೆ ಸೈಕಲ್ ಚೈನು ಅಂದಿದ್ರಿ" ಎಂದರು, ನಿಧಾನವಾಗಿ. "ಆಗ ನಾನು ಬಸುರಿ."

ಡಾಕ್ಟರು ತಲೆ ತಗ್ಗಿಸಿದರು. ಆಕೆ ನನ್ನ ಮುಖವನ್ನೇ ನೋಡಿದರು. ಬೈದಿದ್ದರೂ ಕೇಳಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಲೋಟಗಳನ್ನು ಕೆಳಗಿಟ್ಟು, ಹತ್ತಿರ ಬಂದು, ನನ್ನ ಗಲ್ಲ ಹಿಡಿದು, "ಆ ಕೊಟ್ಟಿಗೇಲಿ ಕೂತಿದ್ದೋಳು ನೀನೇನಾ?" ಎಂದರು.

ಹೊರಡುವಾಗ ಡಾಕ್ಟರಿಗೆ ನಮಸ್ಕಾರ ಮಾಡಲು ಎದ್ದವಳು, ಮೊದಲು ಆ ತಾಯಿಯ ಕಾಲಿಗೆ ಬಿದ್ದೆ.