ನಾನು ನೆಟ್ಟಗೆ ಮಾಡಿದ ಭುಜ

2022ರ ನವೆಂಬರಿನಲ್ಲಿ ನಾನು ಮುಂಬಯಿಯ ಪೂರ್ವ ಉಪನಗರದ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಯೋಗ ಶಿಕ್ಷಕಿಯಾಗಿದ್ದೆ. ಮೈಸೂರಿನಲ್ಲಿ ಕಲಿತ ವಿದ್ಯೆ. ಮದುವೆಯಾಗಿ ಮುಲುಂಡಿಗೆ ಬಂದ ಮೇಲೆ ಇಪ್ಪತ್ತಾರು ವರ್ಷ ಶಾಲೆ, ಹೌಸಿಂಗ್ ಸೊಸೈಟಿ ಎಂದು ಸುತ್ತಿ, ಐವತ್ತೇಳನೆಯ ವಯಸ್ಸಿನಲ್ಲಿ ಸಿಕ್ಕ ಕೆಲಸ ಅದು. ಬೆಳಿಗ್ಗೆ ಏಳಕ್ಕೆ ಸದಸ್ಯರಿಗೆ ‘ಯೋಗ ಫಾರ್ ಗಾಲ್ಫ್’ ಎಂಬ ತರಗತಿ. ಸೊಂಟ, ಭುಜ ಸಡಿಲವಾದರೆ ಚೆಂಡು ಹತ್ತು ಗಜ ಹೆಚ್ಚು ದೂರ ಹೋದೀತು ಎಂಬುದು ಅವರ ಆಸೆ. ನನಗೋ, ಗಾಲ್ಫ್ ಎಂದರೆ ದುಡ್ಡಿದ್ದವರ ವಾಕಿಂಗ್ ಎನ್ನುವುದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ತಿಳಿದುಕೊಳ್ಳಬೇಕು ಅನ್ನಿಸಿರಲೂ ಇಲ್ಲ. ಯಾರದಾದರೇನು, ಬೆನ್ನು ಬೆನ್ನೇ ತಾನೆ ಎನ್ನುತ್ತಿದ್ದೆ. ಎಂಥ ಧಿಮಾಕು ನೋಡಿ!

ಶರಣಪ್ಪ ಅಲ್ಲಿ ಕ್ಯಾಡಿ. ಕ್ಯಾಡಿ ಎಂದರೆ ಆಟಗಾರನ ಕೋಲುಗಳ ಚೀಲ ಹೊತ್ತು ಹದಿನೆಂಟು ಗುಂಡಿಗಳ ಮೈದಾನವನ್ನೆಲ್ಲ ಅವನ ಹಿಂದೆ ನಡೆಯುವವನು. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಶರಣಪ್ಪ ಹದಿನೇಳು ವರ್ಷದವನಿದ್ದಾಗ ಅಣ್ಣನ ಜೊತೆ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದು, ಅದು ಸರಿಬೀಳದೆ ಕ್ಲಬ್ಬು ಸೇರಿದ್ದ. ನಾನು ನೋಡುವಾಗ ಅವನಿಗೆ ಮೂವತ್ತಾರು. ಹತ್ತೊಂಬತ್ತು ವರ್ಷದಿಂದ ಹನ್ನೆರಡು ಹದಿಮೂರು ಕಿಲೋ ಭಾರದ ಚೀಲವನ್ನು ಎಡ ಭುಜದ ಮೇಲೆಯೇ ಹೊತ್ತಿದ್ದ.

ಆ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ಸೋಮವಾರ ಸದಸ್ಯರಿಗೆ ಮೈದಾನ ಬಂದ್. ಅಂದು ಮಾತ್ರ ಕ್ಯಾಡಿಗಳು ಆಡಬಹುದು. ಸದಸ್ಯರು ಬೇಡವೆಂದು ಕೊಟ್ಟ ಹಳೆಯ ಕೋಲುಗಳಲ್ಲಿ, ಯಾರೂ ಕಲಿಸದೆ, ನೋಡಿ ನೋಡಿಯೇ ಶರಣಪ್ಪ ಆಟ ಕಲಿತಿದ್ದ. ಒಳ್ಳೆಯ ಆಟಗಾರ ಎಪ್ಪತ್ತು ಹೊಡೆತಗಳಲ್ಲಿ ಮುಗಿಸಬೇಕಾದ ಮೈದಾನ ಅದು. ಅವನು ಅರವತ್ತೊಂಬತ್ತರಲ್ಲಿ ಮುಗಿಸಿದ್ದೂ ಉಂಟು. ಆ ವರ್ಷ ಕ್ಯಾಡಿಗಳ ಪಂದ್ಯ ಗೆದ್ದಾಗ, ಮಾರ್ಚಿನಲ್ಲಿ ನಡೆಯುವ ವೃತ್ತಿಪರ ಆಟಗಾರರ ಅರ್ಹತಾ ಸುತ್ತಿಗೆ ಅವನನ್ನು ಕಳಿಸಲು ಕ್ಲಬ್ಬಿನ ಕಮಿಟಿ ಒಪ್ಪಿತು. ಒಂದು ಸಲ ಮಾತ್ರ ಎಂದೂ ಹೇಳಿತು. ತೇರ್ಗಡೆಯಾದರೆ ಅವನು ವೃತ್ತಿಪರ ಆಟಗಾರ. ಇನ್ನೊಬ್ಬರ ಚೀಲ ಹೊರುವುದು ಅಲ್ಲಿಗೆ ಮುಗಿಯಿತು.

ಅಡ್ಡಿಯಾಗಿದ್ದುದು ಬೆನ್ನು. ಹದಿನಾಲ್ಕನೆಯ ಗುಂಡಿ ದಾಟುವ ಹೊತ್ತಿಗೆ ಬಲ ಸೊಂಟದ ಮೇಲ್ಭಾಗ ಹಿಡಿದುಕೊಳ್ಳುತ್ತಿತ್ತು. ಅರ್ಹತಾ ಸುತ್ತೆಂದರೆ ನಾಲ್ಕು ದಿನ ಸತತ ಆಟ. ಒಂದು ದಿನ ತರಗತಿ ಮುಗಿಸಿ ಚಾಪೆ ಸುತ್ತುತ್ತಿದ್ದೆ. ಯೋಗ ತರಗತಿಯ ಹಾಲಿನ ಹೊಸ್ತಿಲಾಚೆ ಶರಣಪ್ಪ ಚಪ್ಪಲಿ ಬಿಟ್ಟು ನಿಂತಿದ್ದ.

“ಅಕ್ಕಾರ, ನೀವು ಕನ್ನಡದವರಂತ ಹೇಳಿದ್ರು. ಬೆನ್ನಿಗೆ ಏನರ ಮಾಡ್ರೀ. ನಾಕ್ ದಿನ ತಡದ್ರ ಸಾಕ್ರೀ ನನಗ.”

“ನಾಲ್ಕು ದಿನ ಯಾಕಪ್ಪ, ಜೀವಮಾನವೆಲ್ಲ ತಡೆಯೋ ಹಾಗೆ ಮಾಡ್ತೀನಿ, ಬಾ,” ಎಂದೆ. ನನ್ನ ಬಾಯಿ ಯಾವತ್ತೂ ಸ್ವಲ್ಪ ಜೋರು.

ಕ್ಯಾಡಿಗಳಿಗೆ ಹಾಲಿನೊಳಗೆ ಪ್ರವೇಶವಿರಲಿಲ್ಲ. ಹಾಗಾಗಿ ಅವರು ಕಾಯುತ್ತ ಕೂರುವ ಶೆಡ್ಡಿನ ಸಿಮೆಂಟು ನೆಲದ ಮೇಲೆ ನಮ್ಮ ಪಾಠ. ಮೊದಲ ದಿನ ಸೂರಿನಿಂದ ಒಂದು ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಟ್ಟೆ. ಗಾರೆಯವರ ತೂಗುಗುಂಡಿನ ಹಾಗೆ. ಅದರ ಮುಂದೆ ತಾಡಾಸನದಲ್ಲಿ, ಅಂದರೆ ಕಾಲು ಜೋಡಿಸಿ ನೆಟ್ಟಗೆ, ನಿಲ್ಲಿಸಿದೆ. ಅಬ್ಬಾ! ಎಡ ಭುಜ ಎರಡು ಬೆರಳು ಮೇಲೆ, ಬಲ ಭುಜ ಕೆಳಗೆ, ಬೆನ್ನುಮೂಳೆ ಬಲಕ್ಕೆ ವಾಲಿತ್ತು. ಪಠ್ಯಪುಸ್ತಕದ ಚಿತ್ರದಂಥ ಸೊಟ್ಟ. ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ತಪ್ಪು ಎಲ್ಲಿದೆ ಎಂದು ಒಂದೇ ನೋಟಕ್ಕೆ ಕಂಡ ಹೆಮ್ಮೆ.

ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಎಂಬುದು ನಾನು ಕಲಿತ ಮೊದಲ ಪಾಠ. ಅದನ್ನೇ ಹಿಡಿದೆ. ವಾರಕ್ಕೆ ಆರು ದಿನ, ದಿನಕ್ಕೆ ನಲವತ್ತು ನಿಮಿಷ. ತ್ರಿಕೋನಾಸನ, ಬೆನ್ನನ್ನು ತಿರುಚುವ ಅರ್ಧ ಮತ್ಸ್ಯೇಂದ್ರಾಸನ, ಬಿಗಿದ ಬದಿಗೆ ಎರಡು ಪಟ್ಟು ಹೊತ್ತು. ಚೀಲವನ್ನು ಇನ್ನು ಮೇಲೆ ಬಲ ಭುಜಕ್ಕೆ ಹಾಕಿಕೊಳ್ಳಬೇಕೆಂದು ಕಟ್ಟಪ್ಪಣೆ ಮಾಡಿದೆ. ಶರಣಪ್ಪನಂಥ ಶಿಷ್ಯ ನನಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ. ಸದಸ್ಯರು ಎರಡು ದಿನ ಬಂದು ನಾಲ್ಕು ದಿನ ಚಕ್ಕರ್ ಹೊಡೆಯುತ್ತಿದ್ದರು. ಇವನು ಜ್ವರದಲ್ಲೂ ತಪ್ಪಿಸಲಿಲ್ಲ. ಡಿಸೆಂಬರ್ ಕೊನೆಗೆ ನೋವು ಅರ್ಧಕ್ಕಿಳಿಯಿತು. ಜನವರಿ ನಡುವಿಗೆ ಪೂರ್ತಿ ಹೋಯಿತು. ಎರಡೂ ಭುಜ ಒಂದೇ ಗೆರೆಗೆ ಬಂದವು.

ಅದೇ ಜನವರಿಯಲ್ಲಿ ಅವನು ಸಂಕೋಚದಿಂದ ಒಂದು ಮಾತು ಹೇಳಿದ.

“ಅಕ್ಕಾರ, ಸಿಟ್ಟಾಗಬ್ಯಾಡ್ರೀ. ಚೆಂಡ ಬಲಕ್ಕ ಹೊಂಟೈತ್ರೀ. ಮೊದಲ ಹಿಂಗ ಆಗ್ತಿದ್ದಿಲ್ಲ.”

“ದೇಹ ಸರಿಹೋಗುವಾಗ ಎಲ್ಲ ಹಾಗೇ ಕಣಪ್ಪ. ಬೆನ್ನು ಕೊಟ್ಟಿದ್ದೀನಿ, ಚೆಂಡು ನೀನು ನೋಡ್ಕೊ,” ಎಂದು ಗದರಿಬಿಟ್ಟೆ.

ಅವನು ತಲೆಯಾಡಿಸಿ ಮತ್ತೆ ಚಾಪೆಯ ಮೇಲೆ ಕೂತ. ಆ ದಿನ ನಾನು ಬಾಯಿ ಮುಚ್ಚಿಕೊಂಡು, ಮುಂದಿನ ಸೋಮವಾರ ಮೈದಾನಕ್ಕೆ ಹೋಗಿ ಅವನ ಒಂದೇ ಒಂದು ಹೊಡೆತ ನೋಡಿದ್ದರೂ ಸಾಕಿತ್ತು. ಸೋಮವಾರ ನನಗೂ ರಜೆ. ಸಾಂತಾಕ್ರೂಜಿನ ತಂಗಿಯ ಮನೆಗೆ ಹೋಗಿ ಹರಟೆ ಹೊಡೆದುಕೊಂಡು ಬರುತ್ತಿದ್ದೆ. ಶರಣಪ್ಪ ಆಡುವುದನ್ನು ನಾನು ಅದುವರೆಗೆ ಒಮ್ಮೆಯೂ ನೋಡಿರಲಿಲ್ಲ.

ಫೆಬ್ರವರಿ ಮೊದಲ ಸೋಮವಾರ ಅವನು ಎಪ್ಪತ್ತೆಂಟು ಹೊಡೆತ ತೆಗೆದುಕೊಂಡ. ಮರುವಾರ ಎಂಬತ್ತೊಂದು. ಮಂಗಳವಾರ ಬೆಳಿಗ್ಗೆ ಕ್ಲಬ್ಬಿನ ಕೋಚ್, ಅರವತ್ತು ದಾಟಿದ ಸಾಧು ಮನುಷ್ಯ, ನನ್ನನ್ನು ಹುಡುಕಿಕೊಂಡು ಬಂದರು.

“ಮೇಡಂ, ಆಪ್‌ನೇ ಉಸ್ಕೋ ಸೀಧಾ ಕರ್ ದಿಯಾ?”

ಅವನನ್ನು ನೆಟ್ಟಗೆ ಮಾಡಿಬಿಟ್ಟಿರಾ ಎಂದು ಕೇಳಿದರು. ಹೌದು ಎಂದೆ, ಇನ್ನೂ ಹೆಮ್ಮೆಯಿಂದಲೇ. ಅವರು ಒಂದು ಕೋಲು ತಂದು ನನ್ನ ಎರಡೂ ಕೈಗೆ ಹಿಡಿಸಿದರು. ಬಲಗೈ ಎಡಗೈಗಿಂತ ಕೆಳಗೆ ಹಿಡಿಯಬೇಕು. ಹಾಗೆ ಹಿಡಿದ ಕೂಡಲೇ ಬಲ ಭುಜ ತಾನಾಗಿ ಇಳಿಯಿತು, ಎಡ ಭುಜ ಏರಿತು, ಬೆನ್ನು ಬಲಕ್ಕೆ ವಾಲಿತು. ಚೆಂಡಿನ ಮುಂದೆ ನಿಲ್ಲುವ ಭಂಗಿಯೇ ಅದು. ಹೊಸಬರಿಗೆ ಈ ವಾಲು ಕಲಿಸಲು, ಕೋಲು ಬೀಸುವಾಗಲೂ ಅದು ಕದಲದಂತೆ ಮಾಡಲು ತಮಗೆ ವರ್ಷಗಳು ಬೇಕು ಎಂದರು. ಶರಣಪ್ಪನಿಗೆ ಅದನ್ನು ಚೀಲವೇ ಕಲಿಸಿತ್ತು. ಅವನ ಆಟವೆಲ್ಲ ಆ ಸೊಟ್ಟ ಮೈಯ ಸುತ್ತ ಕಟ್ಟಿಕೊಂಡದ್ದು. ನಾನು ಕಿತ್ತು ಸರಿಮಾಡಿದ್ದು ಅದನ್ನೇ.

ಕೋಲನ್ನು ಅವರ ಕೈಗೆ ಹಿಂತಿರುಗಿಸಿದೆ. ನೋವು ತೆಗೆದು ವಾಲು ಉಳಿಸುವ ದಾರಿ ಇತ್ತೇ ಎಂದು ಕೇಳಿದೆ. ಇದ್ದೀತು, ಆದರೆ ನೀವು ನನ್ನನ್ನು ಕೇಳಲೇ ಇಲ್ಲವಲ್ಲ ಎಂದರು. ಸಿಟ್ಟಿನಿಂದೇನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶೆಡ್ಡಿಗೆ ಹೋಗಿ ಶರಣಪ್ಪನಿಗೆ ಎಲ್ಲ ಹೇಳಿದೆ. ಮುಚ್ಚಿಡುವಷ್ಟು ಕೆಟ್ಟವಳಲ್ಲ ನಾನು. ಅವನು ಕೇಳಿಸಿಕೊಂಡು ಕೈಮುಗಿದ.

“ಹಂಗಾದ್ರ ನನ್ನ ಮತ್ತ ಸೊಟ್ಟ ಮಾಡ್ರೀ ಅಕ್ಕಾರ. ಬೆನ್ನ ನೋಯ್ಲಿ ಬಿಡ್ರೀ, ನಾ ತಡಕೋತೀನಿ.”

ಇಷ್ಟು ವರ್ಷದ ವೃತ್ತಿಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಪ್ರಯತ್ನ ಪಟ್ಟೆ. ನಾಚಿಕೆಯಾಗುತ್ತದೆ ಹೇಳಲು, ಆಸನಗಳನ್ನೆಲ್ಲ ಬಿಡಿಸಿ ಬೆಳಗಿನಿಂದ ಸಂಜೆಯವರೆಗೆ ಎಡ ಭುಜದ ಮೇಲೆ ಚೀಲ ಹೊರಿಸಿದೆ. ದಿನಾ ಅದೇ ದಾರದ ಮುಂದೆ ನಿಲ್ಲಿಸಿ, ಭುಜ ಒಂದು ನೂಲಾದರೂ ಏರಿತೇ ಎಂದು ನೋಡಿದೆ. ಏರಲಿಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದೆ ನಾನು! ಹೊಸದಾಗಿ ಆಟ ಕಟ್ಟಲು ಕೋಚ್ ಕೂಡ ಕೂತರು. ಕನಿಷ್ಠ ಒಂದು ವರ್ಷದ ಕೆಲಸ ಅದು, ಉಳಿದಿದ್ದು ಮೂರು ವಾರ. ಶರಣಪ್ಪನ ಕೈಗಳಿಗೆ ಹಳೆಯದು ಮರೆತಿತ್ತು, ಹೊಸದು ಹತ್ತಲಿಲ್ಲ.

ಈ ಸಲ ಬೇಡ, ಮುಂದಿನ ವರ್ಷ ಕಳಿಸಿ ಎಂದು ಕಮಿಟಿಯವರನ್ನು ಬೇಡಿಕೊಂಡೆ. ಒಂದು ಸಲ ಎಂದರೆ ಒಂದು ಸಲ ಎಂದರು. ಅವನು ಹೋದ. ಮೊದಲ ದಿನ ಎಂಬತ್ತೆರಡು, ಎರಡನೆಯ ದಿನ ಎಂಬತ್ತನಾಲ್ಕು. ಎರಡು ದಿನದ ನಂತರ ಹಿಂದೆ ಬಿದ್ದವರನ್ನು ಆಟದಿಂದ ಕೈಬಿಡುತ್ತಾರೆ. ಶರಣಪ್ಪ ಮೂರನೆಯ ದಿನ ರೈಲು ಹತ್ತಿದ.

ಬಂದ ಮರುದಿನವೇ ಹಾಲಿನ ಬಾಗಿಲಿಗೆ ಬಂದು ನಿಂತ. ನನಗೆ ಮುಖ ಎತ್ತಿ ನೋಡಲಾಗಲಿಲ್ಲ. ಕ್ಷಮಿಸು ಎನ್ನಬೇಕೆಂದು ನೂರು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ನಾನು ಬಾಯಿ ತೆಗೆಯುವ ಮೊದಲೇ ಅವನು ಮಾತಾಡಿದ.

“ಮನಸಿಗೆ ಹಚ್ಕೋಬ್ಯಾಡ್ರೀ ಅಕ್ಕಾರ. ಬೆನ್ನಂತೂ ಖರೇನ ಆರಾಮ ಆಗೇತ್ರಿ. ಈಗ ಎರಡ ಚೀಲ ಕೊಟ್ಟರೂ ಹೊರತೀನಿ.”

ನನಗೆ ಸಮಾಧಾನ ಹೇಳಲೆಂದೇ ಬಂದಿದ್ದ, ಪುಣ್ಯಾತ್ಮ. ಅವನು ತಿರುಗಿ ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಒಬ್ಬ ಆಟಗಾರನನ್ನು ನನ್ನ ಕೈಗೆ ಕೊಟ್ಟಿದ್ದರು. ಅವನನ್ನು ಗಟ್ಟಿಮುಟ್ಟಾದ ಹಮಾಲನನ್ನಾಗಿ ಮಾಡಿ ವಾಪಸು ಕೊಟ್ಟಿದ್ದೆ.

ಆ ಜೂನಿನಲ್ಲಿ ಕ್ಲಬ್ಬು ಬಿಟ್ಟೆ. ಈಗ ಮುಲುಂಡಿನ ಮನೆಯಲ್ಲೇ ನಾಲ್ಕಾರು ಜನರಿಗೆ ಹೇಳಿಕೊಡುತ್ತೇನೆ. ಯಾರೇ ಬರಲಿ, ಚಾಪೆ ಹಾಸುವ ಮೊದಲು ನಿಮ್ಮ ಕೆಲಸ ಮಾಡಿ ತೋರಿಸಿ ಎನ್ನುತ್ತೇನೆ. ದರ್ಜಿ ಹೊಲಿಗೆ ಮಷೀನಿಗೆ ಬಗ್ಗುವ ಹಾಗೆ ಬಗ್ಗಿ ತೋರಿಸುತ್ತಾನೆ, ಮೀನು ಮಾರುವಾಕೆ ಬುಟ್ಟಿ ಎತ್ತುವ ಹಾಗೆ ಕೈ ಎತ್ತುತ್ತಾಳೆ. ಅವರ ಸೊಟ್ಟದಲ್ಲಿ ಯಾವುದು ಕಾಯಿಲೆ, ಯಾವುದು ಕಸುಬು ಎಂದು ನೋಡಿಕೊಳ್ಳುತ್ತೇನೆ, ತಿಳಿಯದಿದ್ದರೆ ಮುಟ್ಟುವುದಿಲ್ಲ. ಕೆಲಸ ನನಗೆ ಕಲಿಸಿದ ಪಾಠ ಇದು. ಒಳ್ಳೆಯ ಪಾಠವೇ ಇರಬಹುದು. ಆದರೆ ಅದನ್ನು ಕಲಿತದ್ದು ನಾನು, ಅದಕ್ಕಾಗಿ ಫೇಲಾದವನು ಶರಣಪ್ಪ.