ಗುಂಪಿನೊಳಗಿಂದ ಒಬ್ಬೊಬ್ಬರನ್ನೇ ಕರೆದ ಅಬಿದಾ

ಝಳಕಿಯ ಹೆದ್ದಾರಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಸಣ್ಣ ಹಳ್ಳಿಯಲ್ಲಿ ಅಬಿದಾ ಅಂಗನವಾಡಿ ಶಿಕ್ಷಕಿ. ಹುಟ್ಟಿದ್ದೂ ಅಲ್ಲೇ, ಮದುವೆಯಾಗಿ ಉಳಿದದ್ದೂ ಅಲ್ಲೇ. ಗಂಡ ಮಹಮ್ಮದಹನೀಫ ಝಳಕಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ. ಊರಿನವರು ಅವಳನ್ನು ಅಕ್ಕಾರ ಎಂದು ಕರೆಯುತ್ತಿದ್ದರು. ಧೈರ್ಯಸ್ಥೆ ಎಂದು ಯಾರೂ ಹೇಳುತ್ತಿರಲಿಲ್ಲ. ನಾಯಿ ಅಡ್ಡ ಬಂದರೆ ಓಣಿ ಬದಲಿಸುವ ಹೆಂಗಸು ಅವಳು.

ಆ ಬೇಸಿಗೆಯಲ್ಲಿ ಮಕ್ಕಳ ಕಳ್ಳರ ಸುದ್ದಿ ಹಬ್ಬಿತು. ಯಾವಳೋ ಹೆಂಗಸು ಅಳುತ್ತ ಮಾತಾಡಿದ ಧ್ವನಿ ಎಲ್ಲರ ಮೊಬೈಲಿಗೂ ಬಂತು. ಮಕ್ಕಳನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಾರೆ, ನಮ್ಮ ಕಡೆಯೂ ಬಂದಿದ್ದಾರೆ ಎಂದು ಅವಳು ಹೇಳುತ್ತಿದ್ದಳು. ತಾಯಂದಿರು ಮಕ್ಕಳನ್ನು ಅಂಗನವಾಡಿಗೆ ಕಳಿಸುವುದನ್ನು ಬಿಡತೊಡಗಿದರು. ಗಂಡಸರು ಬಡಿಗೆ ಹಿಡಿದು ಬಸ್ ನಿಲ್ಲುವ ಕಟ್ಟೆಯ ಮೇಲೆ ಕೂತರು. ಅಬಿದಾ ಕೂಡ ಆ ಧ್ವನಿಯನ್ನು ನಂಬಿದಳು. ಅಂಗನವಾಡಿಯ ಬಾಗಿಲಿಗೆ ಒಳಗಿಂದ ಚಿಲಕ ಹಾಕಿಯೇ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು.

ಅದೇ ದಿನಗಳಲ್ಲಿ ಇಂಡಿಯಲ್ಲಿ ಅಂಗನವಾಡಿಯವರಿಗೆ ತರಬೇತಿ ನಡೆಯಿತು. ಕಲಿಸಲು ಪ್ರಜ್ಞಾ ಎಂಬಾಕೆ ಬಂದಿದ್ದಳು. ಮನುಷ್ಯರು ಹೇಗೆ ನಡೆದುಕೊಳ್ಳುತ್ತಾರೆ, ಯಾಕೆ ಹಾಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಓದಿದವಳು. ಸಾಲೋಟಗಿ ಕಡೆಯ ಹುಡುಗಿ. ಕಳ್ಳರನ್ನು ಕಣ್ಣಾರೆ ಕಂಡವರು ಕೈ ಎತ್ತಿ ಅಂದಳು. ಯಾರೂ ಎತ್ತಲಿಲ್ಲ. ಒಂದೇ ಮಾತನ್ನು ಹತ್ತು ಬಾಯಿಂದ ಕೇಳಿದರೆ ಅದು ಖರೆ ಅನಿಸತೊಡಗುತ್ತದೆ ಎಂದು ವಿವರಿಸಿದಳು. ಆಮೇಲೆ ಗುಂಪಿನ ಮಾತು ತೆಗೆದಳು. “ಗುಂಪಿನ್ಯಾಗ ಹೊಕ್ಕ ಮನಶ್ಯಾ ತಾ ಯಾರು ಅನ್ನೂದನ್ನ ಮರೀತಾನ್ರಿ. ಎಲ್ಲಾರಿಗೂ ಕೂಡಿ ಒದರಿದ್ರ ಯಾರೂ ಕೇಳಂಗಿಲ್ಲ. ಒಬ್ಬನ ಹೆಸರ ಹಿಡದ ಕರೀರಿ, ಅವ್ನ ಕೈಗೆ ಒಂದ ಸಣ್ಣ ಕೆಲಸ ಕೊಡ್ರಿ.”

ಅಬಿದಾ ತಲೆಯಾಡಿಸಿ ಬಂದಳು. ಆದರೂ ವಾಪಸು ಬರುವ ಬಸ್ಸಿನಲ್ಲಿ ಗುರುತಿಲ್ಲದವನೊಬ್ಬ ಪಕ್ಕದ ಸೀಟಿನಲ್ಲಿ ಕೂತಾಗ ಅವಳ ಕಣ್ಣು ಅವನ ಚೀಲದ ಮೇಲೇ ಇತ್ತು.

ಕೆಲವು ದಿನ ಕಳೆದಿರಬೇಕು. ಮಧ್ಯಾಹ್ನ ಮಕ್ಕಳ ಊಟ ಮುಗಿದಿತ್ತು. ಸಹಾಯಕಿ ಶೆಟ್ಟೆವ್ವ ಹೊರಗಿನಿಂದ ಓಡಿ ಬಂದು, ಹಿಟ್ಟಿನ ಗಿರಣಿಯ ಹತ್ತಿರ ಕಳ್ಳನನ್ನು ಹಿಡಿದಿದ್ದಾರೆ, ಬಡಿಯುತ್ತಿದ್ದಾರೆ ಅಂದಳು. ಅಬಿದಾಳಿಗೆ ಮೊದಲು ಆದದ್ದು ಸಮಾಧಾನ. ಸಿಕ್ಕನಲ್ಲ, ಇನ್ನು ಹೆದರಿಕೆಯಿಲ್ಲ ಅನಿಸಿತು. ಅಷ್ಟರಲ್ಲಿ ಒಂದು ಕೂಗು ಕೇಳಿಸಿತು, ಪೆಟ್ಟು ತಿಂದ ಮನುಷ್ಯನದು. ಅದನ್ನು ಕೇಳಿದ ಮೇಲೆ ಅವಳಿಗೆ ಒಳಗೆ ನಿಲ್ಲಲಾಗಲಿಲ್ಲ. ಮಕ್ಕಳನ್ನು ಶೆಟ್ಟೆವ್ವನಿಗೆ ಒಪ್ಪಿಸಿ ಹೊರಟಳು.

ಗಿರಣಿಯ ಗೋಡೆಗೆ ಒತ್ತಿಕೊಂಡು ಒಬ್ಬ ಬಡಕಲು ಮನುಷ್ಯ ಕೂತಿದ್ದ. ತಲೆಯಿಂದ ರಕ್ತ ಇಳಿದು ಒಂದು ಕಣ್ಣು ಮುಚ್ಚಿತ್ತು. ಅವನ ಚೀಲವನ್ನು ಯಾರೋ ಬೋರಲು ಹಾಕಿದ್ದರು. ಅದರೊಳಗಿಂದ ಬಿದ್ದದ್ದು ಹೆಂಗಸರ ಕೂದಲು, ಉಂಡೆ ಉಂಡೆ ಕೂದಲು. ಅದನ್ನು ನೋಡಿ ಜನಕ್ಕೆ ಮತ್ತಷ್ಟು ಹುಚ್ಚು ಹಿಡಿದಿತ್ತು. ಅಬಿದಾಳೂ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಕೂದಲಿನ ಪಕ್ಕ ಚೆಲ್ಲಿದ್ದ ಸ್ಟೀಲಿನ ಬಟ್ಟಲು, ಪಿನ್ನು, ಬಲೂನುಗಳು ಕಂಡವು. ಕೂದಲು ತೆಗೆದುಕೊಂಡು ಸಾಮಾನು ಕೊಡುವವನು. ಅವಳ ತಾಯಿಯೂ ಇಂಥವರಿಂದ ಬಟ್ಟಲು ತೆಗೆದುಕೊಂಡಿದ್ದಳು. ಅವನು ತೆಲುಗಿನಲ್ಲಿ ಏನೋ ಬೇಡಿಕೊಳ್ಳುತ್ತಿದ್ದ. ಆ ಭಾಷೆಯೇ ಅವನಿಗೆ ಮುಳುವಾಗಿತ್ತು.

ಬಿಡಿರಿ ಎಂದು ಅವಳು ಕೂಗಿದಳು. ಯಾರೂ ತಿರುಗಿ ನೋಡಲಿಲ್ಲ. ಇವನನ್ನು ಬಿಡಿಸಲು ನೀನ್ಯಾಕೆ ಬಂದಿ ಎಂದು ಇವರು ತನ್ನನ್ನೇ ಕೇಳಿದರೆ ಏನು ಹೇಳುವುದು, ನಾಳೆ ಹನೀಫನ ಅಂಗಡಿಗೆ ಏನಾದೀತು ಎಂಬ ಯೋಚನೆ ಒಂದೇ ಗಳಿಗೆಯಲ್ಲಿ ಬಂದುಹೋಯಿತು. ಎದುರಿಗೆ ಸುಭಾಸ ನಿಂತಿದ್ದ, ಕೈಯಲ್ಲಿ ಕಬ್ಬಿಣದ ಸಲಾಕೆ. ಅವನ ಮಗಳು ಅವಳ ಅಂಗನವಾಡಿಯಲ್ಲೇ ಇದ್ದಳು.

“ಸುಭಾಸ,” ಎಂದಳು. ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಅವನ ತೋಳು ಹಿಡಿದು ಮತ್ತೆ ಕರೆದಳು. “ಸುಭಾಸ, ಕೋಮಲ ಅಂಗನವಾಡ್ಯಾಗ ಅಳಾಕತ್ತಾಳ. ಹೋಗಿ ಕರಕೊಂಡ ಮನಿಗೆ ಬಿಡು.”

ಅವನು ನಿದ್ದೆಯಿಂದ ಎದ್ದವನಂತೆ ಅವಳನ್ನು ನೋಡಿದ. ಸಲಾಕೆ ಕೆಳಗಿಳಿಯಿತು. ಅಂಗನವಾಡಿಯ ಕಡೆ ಹೊರಟುಹೋದ.

ಚಹಾದಂಗಡಿಯ ಮುದುಕ ಯಂಕಪ್ಪನೂ ಗುಂಪಿನಲ್ಲಿದ್ದ. ಅವನಿಗೆ ಕಾಕಾ, ಒಂದು ತಂಬಿಗೆ ನೀರು ತರ್ರಿ ಎಂದಳು. ಊರಿನ ಹುಡುಗ ಸಂಗುವಿನ ಕೈಯಲ್ಲಿ ಮೊಬೈಲಿತ್ತು, ಹೊಡೆತವನ್ನು ವಿಡಿಯೊ ಮಾಡುತ್ತಿದ್ದ. ಪೊಲೀಸರಿಗೆ ಫೋನ್ ಹಚ್ಚು ಎಂದಳು. ಒಬ್ಬೊಬ್ಬನಾಗಿ ಕಡಿಮೆಯಾದರು. ಆದರೆ ಸುದ್ದಿ ಕೇಳಿ ಬೈಕ್ ಹತ್ತಿ ಬಂದ ಪರ ಊರಿನವರೂ ಅಲ್ಲಿದ್ದರು. ಅವರಲ್ಲಿ ಒಬ್ಬರ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಅವರಲ್ಲೊಬ್ಬ ಎಸೆದ ಕಲ್ಲು ಅವಳ ಹೆಗಲಿಗೆ ಬಿತ್ತು. ಅವಳು ಗೋಡೆಯ ಬಳಿ, ಆ ಮನುಷ್ಯನ ಮುಂದೆ, ಕುಸಿದು ಕೂತಳು. ಕಲ್ಲು ಎಸೆದವನನ್ನೇ ನೋಡಿ, “ನಿಮ್ಮ ಹೆಸರೇನ್ರಿ, ಅಣ್ಣಾರ?” ಎಂದಳು. ಅವನು ಜನರ ಹಿಂದೆ ಸರಿದ. ಯಂಕಪ್ಪ ನೀರು ತಂದ. ಆ ಮನುಷ್ಯ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿಯುವುದನ್ನು ಎಲ್ಲರೂ ನೋಡುತ್ತ ನಿಂತರು. ಪೊಲೀಸರ ಜೀಪು ಬರುವವರೆಗೂ ಅವಳು ಅಲ್ಲಿಂದ ಏಳಲಿಲ್ಲ. ಎದ್ದರೆ ಮತ್ತೆ ಶುರುವಾಗುತ್ತದೆ ಎಂಬ ಭಯ.

ಅವನು ಬದುಕಿಕೊಂಡ. ಒಂದು ಕಣ್ಣು ಮಾತ್ರ ಹೋಯಿತು.

ನಿಜವಾದ ಹೆದರಿಕೆ ಆಮೇಲೆ ಶುರುವಾಯಿತು. ಅಲ್ಲಿ ಯಾರ್‍ಯಾರು ಇದ್ದರು ಎಂದು ಪೊಲೀಸರು ಕೇಳಿದರು. ಅವಳು ಕರೆದ ಹೆಸರುಗಳೇ ಈಗ ಅವರಿಗೆ ಬೇಕಾಗಿದ್ದವು. ಮಗ್ಗುಲ ಊರಿಗೆ ವರ್ಗಾವಣೆ ಕೇಳು, ಏನೂ ನೋಡಿಲ್ಲ ಅನ್ನು ಎಂದು ಹನೀಫ ಬೇಡಿಕೊಂಡ. ಅಬಿದಾ ಸುಳ್ಳು ಹೇಳಲಿಲ್ಲ. ಸುಭಾಸನ ಕೈಯಲ್ಲಿ ಸಲಾಕೆ ಇತ್ತು ಎಂದಳು. ಕರೆದ ಕೂಡಲೇ ಬಿಟ್ಟು ಹೋದ ಎಂಬುದನ್ನೂ ಬರೆಸಿದಳು. ಸುಭಾಸ ಜೈಲಿಗೆ ಹೋಗಿ ಜಾಮೀನಿನ ಮೇಲೆ ಬಂದ. ಓಣಿಯ ಹೆಂಗಸರು ಅವಳನ್ನು ಕಂಡರೆ ಬಾಗಿಲು ಮುಚ್ಚಿಕೊಂಡರು, ಮಕ್ಕಳನ್ನು ಅಂಗನವಾಡಿಗೆ ಕಳಿಸುವುದನ್ನೂ ನಿಲ್ಲಿಸಿದರು. ಅವಳು ನೀರಿಗೆ ಹೋದರೆ ಮಾತು ನಿಲ್ಲುತ್ತಿತ್ತು.

ಮಳೆ ಹಿಡಿದ ಮೇಲೆ ಒಂದು ಮುಂಜಾನೆ ಸುಭಾಸ ಮಗಳನ್ನು ಕರೆದುಕೊಂಡು ಬಂದ. ಒಳಗೆ ಬರಲಿಲ್ಲ. “ಅಕ್ಕಾರ, ಅವತ್ತ ನೀವ ಕರೀಲಿಲ್ಲಂದ್ರ ನಾ ಕೊಲ್ಲತಿದ್ನಿರಿ,” ಎಂದ. ಅಬಿದಾ ಕೋಮಲಳ ಕೈ ಹಿಡಿದು ಒಳಗೆ ಕರೆದುಕೊಂಡಳು. ಮುಂದೆ ಬೇರೆ ಮಕ್ಕಳೂ ಬಂದರು, ಎಲ್ಲರೂ ಅಲ್ಲ.

ಸಿಂದಗಿಯ ತರಬೇತಿಗೆ ಬಂದು ಮಾತಾಡಬೇಕು ಎಂದು ಪ್ರಜ್ಞಾ ಕೇಳಿಕೊಂಡಾಗ ಅಬಿದಾ ಹೋದಳು. ನಡೆದದ್ದನ್ನು ಹೇಳಿ, ಹೆಗಲಿನ ಗಾಯದ ಗುರುತನ್ನೂ ತೋರಿಸಿದಳು. ಈಗ ಹೆದರಿಕೆ ಹೋಯಿತೇ ಎಂದು ಒಬ್ಬಳು ಕೇಳಿದಳು. ಹೋಗಿಲ್ಲ, ನಾಲ್ಕು ಜನ ಕೂಡಿ ನಕ್ಕರೂ ಓಣಿ ಬದಲಿಸುತ್ತೇನೆ ಎಂದಳು ಅಬಿದಾ. ಆಮೇಲೆ ನೀರು ಕೇಳಿ ಕುಡಿದು, ಮುಂದಿನ ಸಾಲಿನಲ್ಲಿದ್ದವಳಿಗೆ ಅವಳ ಊರಿನ ಬಸ್ ಕಟ್ಟೆಯ ಮೇಲೆ ದಿನಾಲೂ ಯಾರ್‍ಯಾರು ಕೂಡುತ್ತಾರೆ, ಅವರೆಲ್ಲರ ಹೆಸರು ಗೊತ್ತೇ ಎಂದು ಕೇಳಿದಳು.