ಸೌಟಪ್ಪನವರು ಕೊಳಕ್ಕೆ ಬಿಡದ ಮೀನು

ಆರೋಗ್ಯ ಇಲಾಖೆಯ ಸೊಳ್ಳೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಅವರನ್ನು ನಮ್ಮ ಬೀದಿ ಸೌಟಪ್ಪನವರು ಎಂದೇ ಕರೆಯುತ್ತದೆ. ಉದ್ದ ಹಿಡಿಯ ಬಿಳಿ ಸೌಟೊಂದು ಸದಾ ಅವರ ಸೈಕಲ್ಲಿಗೆ ಕಟ್ಟಿರುತ್ತದೆ. ಎಲ್ಲಿ ನೀರು ನಿಂತರೂ ಮೊಗೆದು, ಕನ್ನಡಕವನ್ನು ಹಣೆಗೇರಿಸಿ, ಸೊಳ್ಳೆಮರಿ ಎಣಿಸುತ್ತಾರೆ. ಹುಳು ಹುಡುಕುವುದು ತಮ್ಮ ಕೆಲಸ, ಹುಳುಕು ಹುಡುಕುವುದು ಮನೆಯವಳ ಕೆಲಸ ಎಂದು ತಾವೇ ಹೇಳಿ ನಗುತ್ತಾರೆ. ಮನೆಯಾಕೆ ಆ ಮಾತಿನಲ್ಲೂ ಒಂದು ಹುಳುಕು ಹುಡುಕುತ್ತಾರೆ.

ಅವರ ಇನ್ನೊಂದು ಆಯುಧ ಮೀನು. ಕಚೇರಿಯ ಹಿತ್ತಲ ತೊಟ್ಟಿಯಲ್ಲಿ ಸಾಕಿದ, ಅರ್ಧ ಬೆರಳುದ್ದದ ಪರದೇಶಿ ಮೀನು. ಸಿಮೆಂಟು ತೊಟ್ಟಿಗಳಲ್ಲಿ ಅದು ರಜೆ ಕೇಳದ ನೌಕರ. ಆದರೆ ಆರು ವರ್ಷದ ಹಿಂದೆ, ಗುರಿ ಮುಟ್ಟಿಸುವ ಭರದಲ್ಲಿ, ಹಳೆಯ ಕಲ್ಲುಕ್ವಾರಿಯ ಹೊಂಡಕ್ಕೆ ಎರಡು ಬಕೆಟ್ ಮೀನು ಸುರಿದಿದ್ದರು. ಅವು ಸೊಳ್ಳೆಮರಿಗೇ ತೃಪ್ತಿಪಡಲಿಲ್ಲ. ಕಪ್ಪೆಯ ಮೊಟ್ಟೆ, ಏರೋಪ್ಲೇನ್ ಚಿಟ್ಟೆಯ ಮರಿ, ಅಲ್ಲಿಯೇ ಹುಟ್ಟಿ ಬೆಳೆದ ಪುಟ್ಟ ಮೀನು, ಎಲ್ಲವನ್ನೂ ಗುಡಿಸಿ ಹಾಕಿದವು. ಅವು ನುಸುಳಲಾರದ ದಡದ ಹುಲ್ಲಿನಲ್ಲಿ ಸೊಳ್ಳೆ ಮಾತ್ರ ಸುಖವಾಗಿತ್ತು. ವರದಿಯಲ್ಲಿ ‘ಯಶಸ್ವಿ’ ಎಂದು ಬರೆದು ಸಹಿ ಹಾಕಿದ್ದವರು ಸೌಟಪ್ಪನವರೇ.

ಈಚೆಗೆ ಬಂದ ಡಾಕ್ಟರಮ್ಮ, ಅವರ ಮೇಲಧಿಕಾರಿ, ಆಸ್ಪತ್ರೆಯ ಹಿಂದಿನ ಕೊಳಕ್ಕೆ ಶುಕ್ರವಾರದೊಳಗೆ ಮೀನು ಬಿಡಲು ಆದೇಶಿಸಿದರು. ಆ ಕೊಳ ತುಂಬಿದರೆ ನೀರು ಹಳ್ಳಕ್ಕೆ ಹರಿಯುತ್ತದೆ. ಮೀನು ಒಮ್ಮೆ ಹಳ್ಳ ಸೇರಿದರೆ ಯಾರಪ್ಪನಿಂದಲೂ ಹಿಂದಕ್ಕೆ ಕರೆಯಲಾಗದು. ಬೇಡವೆನ್ನಲು ಹಳೆಯ ಸಹಿಯನ್ನು ತಾವೇ ಸುಳ್ಳುಮಾಡಬೇಕು. ಮೂರು ದಿನ ಅವರಿಗೆ ಊಟ ರುಚಿಸಲಿಲ್ಲ.

“ಮೀನು ಬಿಟ್ಟು ಬನ್ನಿ, ಇಲ್ಲಾಂದ್ರೆ ಬಾಯಿ ಬಿಟ್ಟು ಹೇಳಿ. ಎರಡೂ ಬಿಡದೆ ನನ್ನ ತಲೆ ತಿನ್ಬೇಡಿ,” ಎಂದರು ಮನೆಯಾಕೆ.

ಶುಕ್ರವಾರ ಬೆಳಿಗ್ಗೆ ಬಕೆಟ್ ತುಂಬಿಕೊಂಡು ಹೋದರೆ, ಡಾಕ್ಟರಮ್ಮ ಆಗಲೇ ದಡದಲ್ಲಿದ್ದರು. ಸೌಟಪ್ಪನವರು ಬಕೆಟನ್ನು ನೆರಳಿಗಿಟ್ಟು, ಸೌಟನ್ನು ಅವರ ಕೈಗೇ ಕೊಟ್ಟರು. ಯಾವ ನೀರಿಗೂ ಮೀನು ಬಿಡುವ ಮೊದಲು ಹತ್ತು ಸೌಟು ಮೊಗೆದು ನೋಡುವುದು ವಿಭಾಗದ ಕ್ರಮ. ಕ್ವಾರಿಯಲ್ಲಿ ಅವರು ತಪ್ಪಿಸಿದ್ದು ಅದನ್ನೇ. ಡಾಕ್ಟರಮ್ಮ ಸೀರೆ ಎತ್ತಿಕಟ್ಟಿ ಕೊಳದ ಸುತ್ತ ಮೊಗೆದರು. ಹತ್ತು ಸೌಟಿಗೆ ಸಿಕ್ಕ ಸೊಳ್ಳೆಮರಿ ಎರಡು, ಏರೋಪ್ಲೇನ್ ಚಿಟ್ಟೆಯ ಮರಿ ಏಳು.

“ಸೊಳ್ಳೆಮರಿ ತಿನ್ನೋ ಕೆಲಸ ಮಾಡೋರು ಇಲ್ಲಿ ಆಗಲೇ ಇದಾರೆ, ಮೇಡಂ, ಈ ಚಿಟ್ಟೆಮರಿಗಳು. ನಮ್ಮ ಮೀನು ಮೊದ್ಲು ಇವರನ್ನೇ ತಿನ್ನುತ್ತೆ. ಕ್ವಾರೀಲಿ ಹಾಗೇ ಆಯ್ತು. ಮಾಡಿದ್ದು ನಾನೇ, ಚೆನ್ನಾಗಾಯ್ತು ಅಂತ ಬರೆದಿದ್ದೂ ನಾನೇ.”

ಡಾಕ್ಟರಮ್ಮ ಸೌಟಿನೊಳಗೇ ನೋಡುತ್ತಿದ್ದರು. “ಹಾಗಾದ್ರೆ ವಾರ್ಡಿಗೆ ಸೊಳ್ಳೆ ಎಲ್ಲಿಂದ ಬರ್ತಿದೆ?”

ಇಬ್ಬರೂ ಆಸ್ಪತ್ರೆಯ ಮಾಳಿಗೆ ಹತ್ತಿದರು. ಕಸ ಕಟ್ಟಿಕೊಂಡ ಮಳೆನೀರಿನ ದೋಣಿಯಲ್ಲಿ, ಮುಚ್ಚಳವಿಲ್ಲದ ಹಳೆಯ ಟ್ಯಾಂಕಿನಲ್ಲಿ ಮೊಗೆದ ಮೊದಲ ಸೌಟಿಗೇ ಎಣಿಕೆ ಅರವತ್ತು ದಾಟಿತು. ಅಲ್ಲೇ ನಿಂತು ಡಾಕ್ಟರಮ್ಮ ದೋಣಿ ಗುಡಿಸಿ ಟ್ಯಾಂಕು ಖಾಲಿಮಾಡಿಸಲು ಹೇಳಿ, ಕೊಳದ ಆದೇಶಕ್ಕೆ ಅಡ್ಡಗೆರೆ ಎಳೆದರು. ಕ್ವಾರಿಯ ನಿಜ ವರದಿ ಸೋಮವಾರ ತಮ್ಮ ಮೇಜಿನ ಮೇಲಿರಬೇಕು ಎಂದರು, ದನಿ ಗಡುಸಾಗಿರಲಿಲ್ಲ.

ತುಂಬಿದ ಬಕೆಟನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಸೌಟಪ್ಪನವರು ಹಿಂತಿರುಗಿದರು. ಹಳ್ಳದ ಸೇತುವೆ ದಾಟಿದರೆ ಕಚೇರಿ ಹತ್ತು ನಿಮಿಷ. ಆದರೆ ಬಕೆಟ್ ತುಳುಕುತ್ತಿತ್ತು. ಒಂದೇ ಒಂದು ಮೀನು ಕೆಳಗೆ ಹಾರಿದರೆ? ಊರು ಸುತ್ತಿ ಬರುವ ಹಾದಿ ಹಿಡಿದು, ಏರುಬಿಸಿಲಿನಲ್ಲಿ ಸೈಕಲ್ ತಳ್ಳಿಕೊಂಡು, ಒದ್ದೆ ಪ್ಯಾಂಟಿನಲ್ಲಿ ಸಿಳ್ಳೆ ಹಾಕುತ್ತ ನಡೆದರು.